ಮೈಭಾರವೂ ದಮ್ಮಿನ ಅಳತೆಯೂ

ಶಾಲೆಯ ಮೈದಾನದಲ್ಲಿ 600 ಮೀಟರ್ ಓಟ ನಡೆಯುವಾಗ ಕಟ್ಟಕಡೆಗೆ ಬರುವವರು ಯಾರೆಂಬುದನ್ನು ಸೀಟಿ ಊದುವ ಮೊದಲೇ ಹೇಳಿಬಿಡಬಹುದೆಂದು ನೋಡುವವರು ಭಾವಿಸುತ್ತಾರೆ. ಅವರ ಊಹೆ ಬಹುಮಟ್ಟಿಗೆ ನಿಜವೂ ಆಗುವುದುಂಟು. ಮೈ ತುಂಬಿಕೊಂಡ ಹುಡುಗನೊ ಹುಡುಗಿಯೊ ಮೊದಲ ಸುತ್ತು ಮುಗಿಯುವಷ್ಟರಲ್ಲಿ ಏದುಸಿರು ಬಿಡುತ್ತ ಹಿಂದೆ ಬೀಳುವುದು, ಉಳಿದವರು ಓಟ ಮುಗಿಸಿ ನೀರು ಕುಡಿಯುತ್ತ ನಗುವುದು, 'ಇವನಿಗೆ ದಮ್ಮಿಲ್ಲ' ಎಂದು ಯಾರಾದರೊಬ್ಬರು ತೀರ್ಪು ಕೊಡುವುದು, ಇವೆಲ್ಲ ನಾವು ಕಂಡ ಸಂಗತಿಗಳೇ. ಮುಂದಿನ ವಾರ ಆ ಹುಡುಗ ಹೊಟ್ಟೆನೋವೆಂದು ಚೀಟಿ ತಂದು ಮೈದಾನದ ಅಂಚಿನಲ್ಲಿ ಕುಳಿತಿರುತ್ತಾನೆ.

ಇಂಥ ಓಟ ಈಗ ಬರಿಯ ಆಟವಾಗಿ ಉಳಿದಿಲ್ಲ. ಶಾಲಾಮಕ್ಕಳ ದೇಹದಾರ್ಢ್ಯವನ್ನು ತಿಳಿಯಲು 'ಖೇಲೋ ಇಂಡಿಯಾ' ಯೋಜನೆಯಲ್ಲಿ ಗೊತ್ತುಮಾಡಿರುವ ಪರೀಕ್ಷೆಗಳಲ್ಲಿ, ನಾಲ್ಕನೆಯ ತರಗತಿಯಿಂದ ಮೇಲಿನವರಿಗೆ ಎತ್ತರ ತೂಕಗಳ ಅಳತೆ, 50 ಮೀಟರ್ ವೇಗದ ಓಟ ಮೊದಲಾದವುಗಳ ಜೊತೆಗೆ 600 ಮೀಟರ್ ಓಟವೂ ಸೇರಿದೆ. ಓಡಲಾರದವರು ನಡೆದು ಮುಗಿಸಬಹುದು. ಗಡಿಯಾರ ತೋರಿಸಿದ ಕಾಲ ಮಗುವಿನ ಹೆಸರಿನ ಮುಂದೆ ದಾಖಲಾಗುತ್ತದೆ. ಆದ್ದರಿಂದ ಆ ಕಾಲ ಅಳೆಯುವುದು ಏನನ್ನು ಎಂಬ ಪ್ರಶ್ನೆಯನ್ನು ಸ್ವಲ್ಪ ನಿಧಾನವಾಗಿ ವಿಚಾರಿಸುವುದು ಒಳ್ಳೆಯದು. ಹುಡುಗ ತಡವಾಗಿ ಬಂದನೆಂಬುದು ನೋಟದ ಮಾತು, ಅದರಲ್ಲಿ ಸಂದೇಹವಿಲ್ಲ. ಅವನ ಹೃದಯವೂ ಶ್ವಾಸಕೋಶಗಳೂ ದುರ್ಬಲವೆಂಬುದು ಊಹೆಯ ಮಾತು. ಮೊದಲನೆಯದರಿಂದ ಎರಡನೆಯದು ತಾನಾಗಿ ಹೊರಡುವುದಿಲ್ಲ. ವೈದ್ಯರಲ್ಲದ ನಾವು, ಭೌತವಿಜ್ಞಾನದ ಪಾಠ ಹೇಳುವವರು, ಈ ವಿಷಯಕ್ಕೆ ಕೈಹಾಕಿರುವುದು ಇದರಲ್ಲಿ ಅಡಗಿರುವ ಒಂದು ಭಾಗಾಕಾರದ ತೊಡಕಿಗಾಗಿ.

ಆಮ್ಲಜನಕದ ಬಟವಾಡೆ

ದಮ್ಮು ಎಂದು ಜನ ಕರೆಯುವುದನ್ನು ಅಳೆಯುವ ದಾರಿ ತೋರಿಸಿದವರಲ್ಲಿ ಮುಖ್ಯನಾದವನು ಇಂಗ್ಲೆಂಡಿನ ಎ. ವಿ. ಹಿಲ್. ಕೇಂಬ್ರಿಜ್‌ನಲ್ಲಿ ಗಣಿತವನ್ನು ಓದಿ, ಆಮೇಲೆ ಸ್ನಾಯುಗಳ ಕಡೆಗೆ ತಿರುಗಿದ ಈತನಿಗೆ, ಸ್ನಾಯುಗಳಲ್ಲಿ ಶಾಖ ಹುಟ್ಟುವ ಬಗೆಯನ್ನು ಕುರಿತ ಸಂಶೋಧನೆಗಾಗಿ 1922ರ ನೊಬೆಲ್ ಬಹುಮಾನ ದೊರೆಯಿತು. 1923ರಲ್ಲಿ ಹಿಲ್ ಮತ್ತು ಅವನ ಸಹಚರ ಲಪ್ಟನ್ ಓಟದ ಪ್ರಯೋಗಗಳನ್ನು ಪ್ರಕಟಿಸಿದರು. ಓಡುವವನ ಬೆನ್ನಿಗೆ ಒಂದು ದೊಡ್ಡ ಚೀಲ. ಬಾಯಿಗೆ ಕವಾಟವುಳ್ಳ ಕೊಳವೆ. ಹೊರಬಿಟ್ಟ ಉಸಿರೆಲ್ಲ ಚೀಲದಲ್ಲಿ ಶೇಖರವಾಗುತ್ತದೆ. ಅದರ ಗಾತ್ರವನ್ನೂ ಅದರಲ್ಲಿ ಉಳಿದ ಆಮ್ಲಜನಕದ ಪ್ರಮಾಣವನ್ನೂ ಅಳೆದರೆ, ದೇಹ ನಿಮಿಷಕ್ಕೆ ಎಷ್ಟು ಲೀಟರ್ ಆಮ್ಲಜನಕವನ್ನು ಬಳಸಿತೆಂದು ತಿಳಿಯುತ್ತದೆ. ವೇಗ ಹೆಚ್ಚಿದಂತೆ ಈ ಅಂಕಿಯೂ ಏರುತ್ತದೆ. ಆದರೆ ಒಂದು ಮಟ್ಟವನ್ನು ಮುಟ್ಟಿದ ಮೇಲೆ ಎಷ್ಟು ಜೋರಾಗಿ ಓಡಿದರೂ ಅದು ಏರದೆ ನಿಂತುಬಿಡುತ್ತದೆ. ಈ ಮೇಲ್ಮಿತಿಗೆ ಗರಿಷ್ಠ ಆಮ್ಲಜನಕ ಗ್ರಹಣ ಎಂದು ಹೆಸರು. ಹುಡುಗರಲ್ಲಿ ಇದನ್ನು ಅಮೆರಿಕದ ಹಾರ್ವರ್ಡ್‌ನಲ್ಲಿ ರಾಬಿನ್‌ಸನ್ 1938ರಲ್ಲಿಯೂ, ಹುಡುಗ ಹುಡುಗಿಯರಿಬ್ಬರಲ್ಲಿ ಸ್ವೀಡನ್ನಿನ ಓಸ್ಟ್ರಾಂಡ್ 1952ರಲ್ಲಿಯೂ ಅಳೆದು ಪ್ರಕಟಿಸಿದರು.

ಒಂದು ಲೀಟರ್ ಆಮ್ಲಜನಕ ದೇಹದಲ್ಲಿ ವೆಚ್ಚವಾದರೆ ಸುಮಾರು 20 ಕಿಲೊಜೂಲ್ ಶಕ್ತಿ ಬಿಡುಗಡೆಯಾಗುತ್ತದೆ. ನಿಮಿಷಕ್ಕೆ ಎರಡು ಲೀಟರ್ ಬಳಸಬಲ್ಲ ಹುಡುಗನ ದೇಹ 40 ಕಿಲೊಜೂಲ್, ಅಂದರೆ ಸೆಕೆಂಡಿಗೆ ಸುಮಾರು 670 ಜೂಲ್ ಶಕ್ತಿಯನ್ನು ಹೊರಡಿಸಬಲ್ಲುದು. ಇದರಲ್ಲಿ ನಾಲ್ಕರಲ್ಲೊಂದು ಭಾಗವೊ ಐದರಲ್ಲೊಂದು ಭಾಗವೊ ಕೆಲಸವಾಗಿ ದೊರೆತು, ಮಿಕ್ಕದ್ದೆಲ್ಲ ಶಾಖವಾಗಿ ಹೋಗುತ್ತದೆ.

ಈ ಎರಡು ಲೀಟರ್ ಎಲ್ಲಿಂದ ಬರುವುದು? ಹದಿಮೂರು ವರ್ಷದ ಆರೋಗ್ಯವಂತ ಹುಡುಗನ ಹೃದಯ ತೀವ್ರ ಓಟದಲ್ಲಿ ನಿಮಿಷಕ್ಕೆ 200 ಸಲ ಬಡಿಯುವುದೆನ್ನೋಣ. ಪ್ರತಿ ಬಡಿತಕ್ಕೂ 70 ಮಿಲಿಲೀಟರ್ ರಕ್ತ ಹೊರಬೀಳುವುದಾದರೆ ನಿಮಿಷಕ್ಕೆ 14 ಲೀಟರ್ ಆಯಿತು. ಒಂದು ಗ್ರಾಂ ಹಿಮೋಗ್ಲೋಬಿನ್ 1.34 ಮಿಲಿಲೀಟರ್ ಆಮ್ಲಜನಕವನ್ನು ಹೊರಬಲ್ಲುದಾದ್ದರಿಂದ, ಲೀಟರಿಗೆ 130 ಗ್ರಾಂ ಹಿಮೋಗ್ಲೋಬಿನ್ ಇರುವ ರಕ್ತ ಹೆಚ್ಚುಕಡಮೆ 174 ಮಿಲಿಲೀಟರ್ ಆಮ್ಲಜನಕವನ್ನು ಹೊತ್ತು ಹೊರಡುತ್ತದೆ. ಸ್ನಾಯುಗಳಿಗೆ ಅದನ್ನು ಬಟವಾಡೆ ಮಾಡಿ ಹಿಂದಿರುಗುವಾಗ 40 ಮಿಲಿಲೀಟರಿನಷ್ಟು ಉಳಿದಿರುತ್ತದೆ. ಲೀಟರಿಗೆ ಸುಮಾರು 135ರಂತೆ 14 ಲೀಟರಿಗೆ 1,890 ಮಿಲಿಲೀಟರ್, ಎಂದರೆ ಎರಡು ಲೀಟರಿಗೆ ತುಸು ಕಡಮೆ. ಈ ಲೆಕ್ಕದಲ್ಲಿ ಶ್ವಾಸಕೋಶಕ್ಕಿಂತ ಹೃದಯಕ್ಕೂ ರಕ್ತಕ್ಕೂ ಹೆಚ್ಚಿನ ಪಾತ್ರವಿರುವುದನ್ನು ವಾಚಕರು ಗಮನಿಸಬೇಕು. ಏದುಸಿರು ಕೇಳಿಸುವುದು ಎದೆಯಲ್ಲಾದರೂ, ಆರೋಗ್ಯವಂತ ಮಕ್ಕಳಲ್ಲಿ ಮಿತಿಯನ್ನು ಹಾಕುವುದು ಸಾಮಾನ್ಯವಾಗಿ ರಕ್ತದ ಸಾಗಣೆಯೇ.

ಇಲ್ಲಿಯೇ ಒಂದು ಮಾತು. ಅದೇ ಹುಡುಗನ ಹಿಮೋಗ್ಲೋಬಿನ್ ಲೀಟರಿಗೆ 100 ಗ್ರಾಂಗೆ ಇಳಿದಿದ್ದರೆ ರಕ್ತ ಹೊರುವುದು 134 ಮಿಲಿಲೀಟರ್ ಮಾತ್ರ. ಮೇಲಿನ ಲೆಕ್ಕ ಒಂದೇ ಏಟಿಗೆ ಕಾಲುಭಾಗಕ್ಕಿಂತ ಹೆಚ್ಚು ತಗ್ಗುತ್ತದೆ. ಭಾರತದಲ್ಲಿ 2016-18ರಲ್ಲಿ ನಡೆದ ಸಮಗ್ರ ರಾಷ್ಟ್ರೀಯ ಪೋಷಣಾ ಸಮೀಕ್ಷೆಯಂತೆ ಹತ್ತರಿಂದ ಹತ್ತೊಂಬತ್ತು ವರ್ಷದವರಲ್ಲಿ ನೂರಕ್ಕೆ 28 ಮಂದಿಗೆ ರಕ್ತಹೀನತೆ ಇತ್ತು. ಹುಡುಗಿಯರಲ್ಲಿ ನೂರಕ್ಕೆ 40. ಮೈ ತುಂಬಿಕೊಂಡಿರುವವರಿಗೆ ರಕ್ತ ಕಡಮೆಯಿರಲಾರದೆಂಬ ನಂಬಿಕೆ ನಮ್ಮಲ್ಲಿದೆ, ಅದು ತಪ್ಪು. ದಪ್ಪಗಿರುವ ಹುಡುಗಿ ಬೇಗ ದಣಿದರೆ ಕೊಬ್ಬನ್ನು ದೂರುವ ಮೊದಲು ರಕ್ತವನ್ನು ಪರೀಕ್ಷಿಸುವುದು ನ್ಯಾಯ. ಶಾಲೆಗಳಲ್ಲಿ ವಾರಕ್ಕೊಮ್ಮೆ ಕೊಡುವ ಕಬ್ಬಿಣದ ಗುಳಿಗೆಯನ್ನು ಕಿಟಕಿಯಿಂದಾಚೆ ಎಸೆಯುವ ವಿದ್ಯಾರ್ಥಿಗಳು ಈ ಭಾಗಾಕಾರವನ್ನೊಮ್ಮೆ ಮಾಡಿ ನೋಡಲಿ.

ರಾಮು ಮತ್ತು ಸೋಮು

ಈಗ ಮುಖ್ಯ ವಿಷಯಕ್ಕೆ ಬರೋಣ. ತುಮಕೂರಿನ ಬಟವಾಡಿಯಲ್ಲಿ ಒಂದೇ ಬೀದಿಯ ಇಬ್ಬರು ಹುಡುಗರನ್ನು ಕಲ್ಪಿಸಿಕೊಳ್ಳೋಣ. ಹೆಸರು ರಾಮು, ಸೋಮು. ಇಬ್ಬರಿಗೂ ಹದಿಮೂರು ವರ್ಷ; ಇಬ್ಬರದೂ 150 ಸೆಂಟಿಮೀಟರ್ ಎತ್ತರ. ರಾಮುವಿನ ತೂಕ 40 ಕಿಲೊಗ್ರಾಂ. ಅದರಲ್ಲಿ 6 ಕಿಲೊಗ್ರಾಂ ಕೊಬ್ಬು, ಉಳಿದ 34 ಸ್ನಾಯು, ಮೂಳೆ, ರಕ್ತ ಮೊದಲಾದುವು. ಸೋಮುವಿನ ತೂಕ 60 ಕಿಲೊಗ್ರಾಂ. 21 ಕೊಬ್ಬು, 39 ಕೊಬ್ಬಲ್ಲದ್ದು. ಸೋಮುವಿನಲ್ಲಿ ಕೊಬ್ಬಲ್ಲದ ಭಾಗವೂ ಹೆಚ್ಚಿರುವುದನ್ನು ನಾವು ಸುಮ್ಮನೆ ಸೇರಿಸಲಿಲ್ಲ. ಹೊತ್ತು ತಿರುಗುವ ಹೊರೆ ಹೆಚ್ಚಿದರೆ ಹೊರುವ ಕಾಲುಗಳೂ ಬಲಿಯುತ್ತವೆ. ತೂಕ ಹೆಚ್ಚಿರುವ ಮಕ್ಕಳಲ್ಲಿ ಸಾಮಾನ್ಯವಾಗಿ ಕಾಣುವ ಸಂಗತಿ ಇದು.

ಇಬ್ಬರಲ್ಲಿಯೂ ಕೊಬ್ಬಲ್ಲದ ಪ್ರತಿಯೊಂದು ಕಿಲೊಗ್ರಾಮೂ ಒಂದೇ ದಕ್ಷತೆಯಿಂದ ಆಮ್ಲಜನಕವನ್ನು ಬಳಸುವುದೆಂದು ಇಟ್ಟುಕೊಳ್ಳೋಣ: ನಿಮಿಷಕ್ಕೆ 56 ಮಿಲಿಲೀಟರ್. ಆಗ ರಾಮುವಿನ ಗರಿಷ್ಠ ಗ್ರಹಣ 1.9 ಲೀಟರ್, ಸೋಮುವಿನದು 2.18 ಲೀಟರ್. ದಮ್ಮು ಯಾರಿಗೆ ಹೆಚ್ಚು? ಸೋಮುವಿಗೆ. ಆದರೆ ಕ್ರೀಡಾಶಾಸ್ತ್ರದ ಪುಸ್ತಕಗಳಲ್ಲಿ ಈ ಅಂಕಿಗಳನ್ನು ಹೀಗೆಯೇ ಬಿಡುವುದಿಲ್ಲ. ಒಟ್ಟು ತೂಕದಿಂದ ಭಾಗಿಸಿ ಹೇಳುವುದು ವಾಡಿಕೆ. ಭಾಗಿಸಿದರೆ ರಾಮುವಿಗೆ ಕಿಲೊಗ್ರಾಮಿಗೆ 47.5 ಮಿಲಿಲೀಟರ್, ಸೋಮುವಿಗೆ 36.3. ತಕ್ಷಣ ಪಟ್ಟಿ ತಲೆಕೆಳಗಾಯಿತು. ಸೋಮು 'ಕಡಮೆ ದಾರ್ಢ್ಯ'ದವನಾದ. ಅವನ ಹೃದಯದಲ್ಲಾಗಲಿ ರಕ್ತದಲ್ಲಾಗಲಿ ಏನೂ ಬದಲಾಗಲಿಲ್ಲ, ಬದಲಾದದ್ದು ಛೇದ.

ಹಾಗೆಂದು ಈ ಭಾಗಾಕಾರವೇ ಸುಳ್ಳೆಂದು ಹೇಳುವಂತಿಲ್ಲ. ಓಟದಲ್ಲಿ ಇಡೀ ಮೈಯನ್ನು ಹೊತ್ತುಕೊಂಡೇ ಹೋಗಬೇಕಲ್ಲವೆ? ಸಮನೆಲದ ಮೇಲೆ ಓಡುವಾಗ ಪ್ರತಿ ಕಿಲೊಗ್ರಾಂ ತೂಕಕ್ಕೆ ಪ್ರತಿ ಮೀಟರಿಗೆ ಸುಮಾರು 0.2 ಮಿಲಿಲೀಟರ್ ಆಮ್ಲಜನಕ ಬೇಕು. ಅದರ ಮೇಲೆ ಸುಮ್ಮನಿದ್ದಾಗಲೂ ಬೇಕಾಗುವ 3.5 ಮಿಲಿಲೀಟರ್ ನಿಮಿಷ ನಿಮಿಷಕ್ಕೂ ಸೇರುತ್ತದೆ. ದೊಡ್ಡವರಿಗಾಗಿ ಕಂಡುಕೊಂಡ ಅಂಕಿಗಳಿವು. ಮಕ್ಕಳಲ್ಲಿ ಕೊಂಚ ಹೆಚ್ಚು. ನಮ್ಮ ಹೋಲಿಕೆಗೆ ಸಾಕು. ಗಂಟೆಗೆ 8 ಕಿಲೋಮೀಟರ್ ವೇಗದಲ್ಲಿ ಇಬ್ಬರೂ ಜೊತೆಯಾಗಿ ಓಡಿದರೆ ರಾಮುವಿಗೆ ನಿಮಿಷಕ್ಕೆ 1.21 ಲೀಟರ್ ಬೇಕು. ಅದು ಅವನ ಗರಿಷ್ಠದ ನೂರಕ್ಕೆ 64 ಭಾಗ. ಸೋಮುವಿಗೆ 1.81 ಲೀಟರ್, ಅವನ ಗರಿಷ್ಠದ ನೂರಕ್ಕೆ 83. ರಾಮು ಮಾತಾಡುತ್ತ ಓಡುವ ವೇಗದಲ್ಲಿ ಸೋಮುವಿಗೆ ಮಾತೇ ಹೊರಡುವುದಿಲ್ಲ. ಅವನು ನಟಿಸುತ್ತಿಲ್ಲ, ಸೋಮಾರಿಯೂ ಅಲ್ಲ. ತನ್ನ ಹೃದಯವನ್ನು ಪಕ್ಕದವನಿಗಿಂತ ಹೆಚ್ಚು ದುಡಿಸುತ್ತಿದ್ದಾನೆ.

ಇದೇ ಸೂತ್ರದಿಂದ, ಇಬ್ಬರೂ ತಮ್ಮ ತಮ್ಮ ಆಮ್ಲಜನಕದ ಮೇಲ್ಮಿತಿಯಲ್ಲಿ 600 ಮೀಟರ್ ಓಡಿದರೆ ಏನಾಗುವುದೆಂದು ನೋಡಬಹುದು. ರಾಮುವಿಗೆ 2 ನಿಮಿಷ 44 ಸೆಕೆಂಡು. ಸೋಮುವಿಗೆ 3 ನಿಮಿಷ 40 ಸೆಕೆಂಡು. ಹೆಚ್ಚುಕಡಮೆ ಒಂದು ನಿಮಿಷದ ಅಂತರ. ಇಷ್ಟು ಸಣ್ಣ ಓಟದಲ್ಲಿ ಆಮ್ಲಜನಕದ ನೆರವಿಲ್ಲದೆ ಸ್ನಾಯು ಒದಗಿಸುವ ಶಕ್ತಿಯೂ ಸ್ವಲ್ಪ ಸೇರುವುದರಿಂದ ನಿಜವಾದ ಕಾಲ ಇದಕ್ಕಿಂತ ಕಡಮೆಯಾಗಬಹುದು. ಅಂತರ ಮಾತ್ರ ಹೀಗೆಯೇ ಉಳಿಯುತ್ತದೆ.

ಈಗ ಒಂದು ಚಮತ್ಕಾರ ಮಾಡೋಣ. ರಾಮುವಿನ ಬೆನ್ನಿಗೆ 20 ಕಿಲೊಗ್ರಾಂ ರಾಗಿಯ ಚೀಲವನ್ನು ಕಟ್ಟಿ ಅದೇ ಗೆರೆಯಲ್ಲಿ ನಿಲ್ಲಿಸೋಣ. ಈಗ ಇಬ್ಬರೂ ಸಾಗಿಸಬೇಕಾದ ತೂಕ ಸಮವಾಯಿತು: 60 ಕಿಲೊಗ್ರಾಂ. ರಾಮುವಿನ 1.9 ಲೀಟರನ್ನು 60ರಿಂದ ಭಾಗಿಸಿದರೆ 31.7 ಮಿಲಿಲೀಟರ್, 600 ಮೀಟರಿಗೆ ಅವನಿಗೆ ಹಿಡಿಯುವ ಕಾಲ 4 ನಿಮಿಷ 15 ಸೆಕೆಂಡು. ಸೋಮು ಅವನಿಗಿಂತ ಅರ್ಧ ನಿಮಿಷಕ್ಕೂ ಮೊದಲೇ ಗುರಿ ಮುಟ್ಟಿರುತ್ತಾನೆ! ಎತ್ತಿನ ಕಸುವೇ ಬೇರೆ, ಗಾಡಿಯ ಮೇಲಿನ ಹೇರೇ ಬೇರೆ. ಗಾಡಿ ನಿಧಾನವಾಗಿ ಹೋಯಿತೆಂದು ಎತ್ತನ್ನು ಬಡಕಲೆನ್ನುವ ರೈತನಿಲ್ಲ; ಹೇರನ್ನು ನೋಡಿಯೇ ಅವನು ಮಾತಾಡುತ್ತಾನೆ.

ಇದು ಬರಿಯ ಕಾಗದದ ಮೇಲಿನ ಆಟವಲ್ಲ. 1978ರಲ್ಲಿ ಅಮೆರಿಕದ ಕ್ಯೂರ್ಟನ್ ಮತ್ತು ಸಂಗಡಿಗರು ಓಟಗಾರರ ಮೈಗೆ ಅವರ ತೂಕದ ನೂರಕ್ಕೆ 5, 10, 15ರಷ್ಟು ಭಾರವನ್ನು ಕಟ್ಟಿ ಓಡಿಸಿದರು. ಲೀಟರುಗಳಲ್ಲಿ ಅಳೆದ ಗರಿಷ್ಠ ಗ್ರಹಣ ಇದ್ದಂತೆಯೇ ಇತ್ತು. ಕಿಲೊಗ್ರಾಮಿಗೆ ಭಾಗಿಸಿದ ಅಂಕಿಯೂ ಓಡಿದ ದೂರವೂ ಭಾರಕ್ಕೆ ತಕ್ಕಂತೆ ಇಳಿದುವು. ಮಕ್ಕಳ ವಿಷಯದಲ್ಲಿ, 2000ದಲ್ಲಿ ಗೋರನ್ ಮತ್ತು ಸಂಗಡಿಗರು ತೂಕ ಹೆಚ್ಚಿರುವವರನ್ನೂ ತೆಳ್ಳಗಿನವರನ್ನೂ ಪರೀಕ್ಷಿಸಿದಾಗ, ಕೊಬ್ಬಲ್ಲದ ಭಾಗಕ್ಕೆ ಹೋಲಿಸಿದ ಗರಿಷ್ಠ ಸಾಮರ್ಥ್ಯದಲ್ಲಿ ವ್ಯತ್ಯಾಸ ಕಾಣಲಿಲ್ಲ. ಒಂದೇ ಬಗೆಯ ನಡಿಗೆ ಓಟಗಳಲ್ಲಿ ಮಾತ್ರ ತೂಕದವರು ತಮ್ಮ ಸಾಮರ್ಥ್ಯದ ಹೆಚ್ಚಿನ ಪಾಲನ್ನು ವೆಚ್ಚಮಾಡಬೇಕಾಗಿತ್ತು. ನಮ್ಮ ರಾಮು ಸೋಮುಗಳ ಕಥೆಯೇ ಇದು. ಎಲ್ಲ ಪರಿಶೋಧನೆಗಳೂ ಇಷ್ಟು ನಿಚ್ಚಳವಾಗಿ ಒಂದೇ ಮಾತನ್ನು ಹೇಳುವುದಿಲ್ಲ. ವರ್ಷಗಟ್ಟಲೆ ಕುಳಿತೇ ಇರುವ ಮಗುವಿನ ಹೃದಯವೂ ಕ್ರಮೇಣ ಹಿಂದೆ ಬೀಳುತ್ತದೆ. ಅದು ದಪ್ಪಗಿದ್ದರೂ ಸರಿ, ಸಣಕಲಾಗಿದ್ದರೂ ಸರಿ.

ತೂಕದಿಂದ ಭಾಗಿಸುವುದರ ಅಪಾಯವನ್ನು ಇವರೆಲ್ಲರಿಗಿಂತ ಮೊದಲೇ ತೋರಿಸಿದವನು ಜೇಮ್ಸ್ ಟ್ಯಾನರ್. ಮಕ್ಕಳ ಬೆಳವಣಿಗೆಯ ಅಧ್ಯಯನದಿಂದ ಮುಂದೆ ಲೋಕಪ್ರಸಿದ್ಧನಾದ ಈತ 1949ರಲ್ಲಿಯೇ ಒಂದು ಲೇಖನದಲ್ಲಿ, ದೇಹದ ಅಳತೆಗಳನ್ನು ತೂಕದಿಂದಲೊ ಮೈಯ ಹೊರಮೈ ವಿಸ್ತೀರ್ಣದಿಂದಲೊ ಸುಮ್ಮನೆ ಭಾಗಿಸಿದರೆ ದೊಡ್ಡ ಮೈಯವರು ವೃಥಾ ದುರ್ಬಲರಾಗಿಯೂ ಚಿಕ್ಕ ಮೈಯವರು ವೃಥಾ ಬಲಶಾಲಿಗಳಾಗಿಯೂ ಕಾಣುವರೆಂದು ಗಣಿತದಿಂದ ಸಾಧಿಸಿದ. ಮುಕ್ಕಾಲು ಶತಮಾನ ಕಳೆದರೂ ಈ ಭಾಗಾಕಾರ ಬಳಕೆಯಲ್ಲಿ ಉಳಿದಿರುವುದಕ್ಕೆ ಕಾರಣ ಅದರ ಸುಲಭತೆಯೇ ಎಂದು ನಮಗೆ ತೋರುತ್ತದೆ.

ತಕ್ಕಡಿ ಕಾಣದಿರುವುದು

ಸೋಮುವಿನ ಹೃದಯ ನಿರ್ದೋಷಿಯೆಂದು ತೀರ್ಪಾದ ಮಾತ್ರಕ್ಕೆ ಅವನ 21 ಕಿಲೊಗ್ರಾಂ ಕೊಬ್ಬೂ ನಿರ್ದೋಷಿಯಾಯಿತೆಂದು ತಿಳಿಯಬಾರದು. ಬಾಲ್ಯದ ಹೆಚ್ಚಿನ ಕೊಬ್ಬಿಗೂ ಇನ್ಸುಲಿನ್ ಸರಿಯಾಗಿ ಕೆಲಸಮಾಡದಿರುವುದಕ್ಕೂ, ಮುಂದೆ ಬರುವ ಸಕ್ಕರೆ ಕಾಯಿಲೆ, ರಕ್ತದೊತ್ತಡಗಳಿಗೂ ನಂಟುಂಟು. ಈ ವಿಷಯದಲ್ಲಿ ನಮ್ಮ ನಾಡಿನಲ್ಲಿಯೇ ನಡೆದ ಕೆಲಸ ಗಮನಾರ್ಹವಾದದ್ದು. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1997-98ರಲ್ಲಿ ಗರ್ಭಿಣಿಯರನ್ನು ನೋಂದಾಯಿಸಿಕೊಂಡು, ಹುಟ್ಟಿದ ಮಕ್ಕಳನ್ನು ವರ್ಷ ವರ್ಷವೂ ಹಿಂಬಾಲಿಸಿ ಅಳೆದ ಅಧ್ಯಯನವೊಂದಿದೆ. ಅಲ್ಲಿನ ಶಿಶುಗಳು ಇಂಗ್ಲೆಂಡಿನ ಶಿಶುಗಳಿಗಿಂತ ತೂಕದಲ್ಲಿಯೂ ಉದ್ದದಲ್ಲಿಯೂ ಚಿಕ್ಕವಾಗಿದ್ದರೂ, ಬೆನ್ನಿನ ಚರ್ಮದ ಕೆಳಗಿನ ಕೊಬ್ಬಿನಲ್ಲಿ ಮಾತ್ರ ಹಿಂದೆ ಬಿದ್ದಿರಲಿಲ್ಲ. ಅಂದರೆ ನಮ್ಮ ಮಕ್ಕಳಲ್ಲಿ ತೆಳ್ಳಗಿನ ಮೈಯೊಳಗೂ ಕೊಬ್ಬಿನ ಪಾಲು ಹೆಚ್ಚಿರುವುದು ಸಾಧ್ಯ. ಭಾರತೀಯ ಶಿಶುವೈದ್ಯರ ಅಕಾಡೆಮಿ 2015ರಲ್ಲಿ ಪ್ರಕಟಿಸಿದ ಬೆಳವಣಿಗೆಯ ಪಟ್ಟಿಗಳಲ್ಲಿ ತೂಕಾಧಿಕ್ಯದ ಗೆರೆಯನ್ನು ದೊಡ್ಡವರ 25ಕ್ಕೆ ಬದಲು 23ಕ್ಕೆ, ಬೊಜ್ಜಿನ ಗೆರೆಯನ್ನು 30ಕ್ಕೆ ಬದಲು 27ಕ್ಕೆ ಸರಿಹೊಂದುವಂತೆ ಎಳೆದಿರುವುದಕ್ಕೆ ಇಂಥ ಕಾರಣಗಳೇ ಆಧಾರ. (ಕಿಲೊಗ್ರಾಂಗಳಲ್ಲಿರುವ ತೂಕವನ್ನು ಮೀಟರುಗಳಲ್ಲಿರುವ ಎತ್ತರದ ವರ್ಗದಿಂದ ಭಾಗಿಸಿದಾಗ ಬರುವ ಅಂಕಿಗಳಿವು.) ಬೆಂಗಳೂರಿನ ಸೇಂಟ್ ಜಾನ್ಸ್ ಸಂಸ್ಥೆಯವರು 6ರಿಂದ 16 ವರ್ಷದ ಮಕ್ಕಳಲ್ಲಿ ನಡೆಸಿ 2007ರಲ್ಲಿ ಪ್ರಕಟಿಸಿದ ಪರಿಶೀಲನೆಯಲ್ಲಿ, ಹೆಚ್ಚು ಹೊತ್ತು ಟೆಲಿವಿಷನ್ ನೋಡುವವರಲ್ಲಿಯೂ ಕಡಮೆ ನಿದ್ರಿಸುವವರಲ್ಲಿಯೂ ತೂಕಾಧಿಕ್ಯ ಹೆಚ್ಚೆಂದು ಕಂಡುಬಂದಿತು. ಆಗ ಕೈಯಲ್ಲಿ ಹಿಡಿಯುವ ಪರದೆಗಳು ಮಕ್ಕಳಿಗೆ ಇನ್ನೂ ದಕ್ಕಿರಲಿಲ್ಲ.

ಮೇಲೆ ಹೇಳಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ ಹತ್ತರಿಂದ ಹತ್ತೊಂಬತ್ತರ ವಯಸ್ಸಿನವರಲ್ಲಿ ನೂರಕ್ಕೆ 5 ಮಂದಿ ತೂಕಾಧಿಕ್ಯದವರು, 24 ಮಂದಿ ತೀರ ತೆಳ್ಳಗಿನವರು. ಒಂದೇ ತರಗತಿಯಲ್ಲಿ ಇಬ್ಬರೂ ಇರುತ್ತಾರೆ. ತೆಳ್ಳಗಿನವನು ಓಟದಲ್ಲಿ ಮುಂದೆ ಬಂದನೆಂದು ಅವನ ಊಟದ ಯೋಚನೆಯನ್ನು ಬಿಟ್ಟುಬಿಡುವುದು ಇನ್ನೊಂದು ಬಗೆಯ ಮೋಸ.

ಹೇರನ್ನು ಇಳಿಸಿ ದುಡಿಸುವ ದಾರಿ

ಎತ್ತು ಹೇರು ಎರಡನ್ನೂ ಬೇರೆಬೇರೆಯಾಗಿ ನೋಡುವ ಕಣ್ಣು ಬಂದರೆ, ಸೋಮುವಿನಂಥವರಿಗೆ ಎಂಥ ವ್ಯಾಯಾಮ ಒಪ್ಪುವುದೆಂಬುದು ತಾನೇ ಸ್ಪಷ್ಟವಾಗುತ್ತದೆ. ಸೈಕಲ್ಲನ್ನು ತೆಗೆದುಕೊಳ್ಳಿ. ಮೈಯ ಭಾರವನ್ನು ಪೀಠ ಹೊರುತ್ತದೆ. ಸಮನೆಲದಲ್ಲಿ 20 ಕಿಲೊಗ್ರಾಂ ಹೆಚ್ಚಿನ ಭಾರದಿಂದ ಚಕ್ರಗಳ ಉರುಳುವಿಕೆಗೆ ಬರುವ ಅಡ್ಡಿ ಒಂದು ನ್ಯೂಟನ್ನಿಗೆ ಸ್ವಲ್ಪ ಹೆಚ್ಚು. ಗಂಟೆಗೆ 15 ಕಿಲೋಮೀಟರ್ ವೇಗದಲ್ಲಿ ಇದಕ್ಕೆ ತಗಲುವುದು ಸುಮಾರು 5 ವಾಟ್ ಮಾತ್ರ. ಓಟದಲ್ಲಿ ಒಂದು ನಿಮಿಷ ಹಿಂದೆ ಬಿದ್ದ ಸೋಮು ಸೈಕಲ್ಲಿನಲ್ಲಿ ರಾಮುವಿನ ಪಕ್ಕದಲ್ಲಿಯೇ ಇರಬಲ್ಲ; ಎದುರುಗಾಳಿಯಿದ್ದರೆ ತನ್ನ 2.18 ಲೀಟರಿನ ಬಲದಿಂದ ಮುಂದೆಯೂ ಹೋಗಬಲ್ಲ. ನೂರು ಮೀಟರಿಗೆ ಮೂರು ಮೀಟರ್ ಏರುವ ಇಳಿಜಾರು ಎದುರಾದರೆ ಮಾತ್ರ ಅದೇ 20 ಕಿಲೊಗ್ರಾಮಿಗಾಗಿ ಇನ್ನೂ 24 ವಾಟ್ ತೆರಬೇಕು.

ನೀರಿನಲ್ಲಿ ಆರ್ಕಿಮಿಡೀಸನ ನಿಯಮ ಸೋಮುವಿನ ಪಕ್ಷ ವಹಿಸುತ್ತದೆ. ಕೊಬ್ಬಿನ ಸಾಂದ್ರತೆ ನೀರಿನ 0.9ರಷ್ಟು, ಕೊಬ್ಬಲ್ಲದ ಭಾಗದ್ದು ಸುಮಾರು 1.1, ಮಕ್ಕಳಲ್ಲಿ ತುಸು ಕಡಮೆ. ಉಸಿರನ್ನು ಪೂರ್ತಿ ಹೊರಹಾಕಿ ಮುಳುಗಿದರೆ ನೀರಿನೊಳಗೆ ರಾಮುವಿನ ತೂಕ ಸುಮಾರು 2.4 ಕಿಲೊಗ್ರಾಂ, ಸೋಮುವಿನದು 1.2. ನೆಲದ ಮೇಲೆ ಒಂದೂವರೆಪಟ್ಟು ತೂಗುವವನು ನೀರಿನಲ್ಲಿ ಅರ್ಧವಾಗಿಬಿಟ್ಟ. ದೇಹದಲ್ಲಿ ಕೊಬ್ಬೆಷ್ಟೆಂದು ಕಂಡುಹಿಡಿಯಲು ವಿಜ್ಞಾನಿಗಳು ಬಹುಕಾಲ ಮನುಷ್ಯರನ್ನು ನೀರಿನಲ್ಲಿ ಮುಳುಗಿಸಿಯೇ ತೂಗುತ್ತಿದ್ದರು. ಬಲ್ಲವರು ಜೊತೆಗಿದ್ದು ಕಲಿಸುವ ಈಜುಕೊಳವಿದ್ದರೆ ಸೋಮುವಿಗೆ ಅದಕ್ಕಿಂತ ಒಳ್ಳೆಯ ಮೈದಾನವಿಲ್ಲ.

ಇವೆರಡೂ ಎಲ್ಲರಿಗೂ ಎಟುಕುವುವಲ್ಲ. ಬಟವಾಡಿಯ ಹುಡುಗ ಬಿ. ಎಚ್. ರಸ್ತೆಯ ವಾಹನಗಳ ನಡುವೆ ಸೈಕಲ್ ತುಳಿಯಲೆಂದು ಹೇಳುವ ಧೈರ್ಯ ನಮಗಿಲ್ಲ. ಒಳಬೀದಿಗಳೂ ಶಾಲೆಯ ಮೈದಾನವೂ ಸಾಕು. ಎಲ್ಲರಿಗೂ ಎಟುಕುವುದು ನಡಿಗೆ. ಗಂಟೆಗೆ 6 ಕಿಲೋಮೀಟರ್ ವೇಗದ ಬಿರುನಡಿಗೆಗೆ ಸೋಮುವಿನ ಗರಿಷ್ಠದ ನೂರಕ್ಕೆ 37 ಭಾಗ ಬೇಕಾಗುತ್ತದೆ, ರಾಮುವಿಗೆ 28. ರಾಮುವಿಗೆ ಅಡ್ಡಾಡಿದಂತಿರುವುದು ಸೋಮುವಿಗೆ ಆಗಲೇ ವ್ಯಾಯಾಮ. ಹೊರೆ ಹೆಚ್ಚಿರುವುದರ ಒಂದು ಲಾಭವೆಂದೇ ಇದನ್ನು ಎಣಿಸಬೇಕು. ರಜೆಯ ದಿನ ಸಿದ್ಧಗಂಗೆಯ ಬೆಟ್ಟವನ್ನೊ, ಪಂಡಿತನಹಳ್ಳಿಯ ಮಂದಾರಗಿರಿಯನ್ನೊ ಹತ್ತಲು ಗೆಳೆಯರು ಹೊರಟರೆ ಅಲ್ಲಿ ಮಾತ್ರ ಲೆಕ್ಕ ಕಠಿನವಾಗುತ್ತದೆ. ಇಪ್ಪತ್ತು ಕಿಲೊಗ್ರಾಮನ್ನು ನೂರು ಮೀಟರ್ ಎತ್ತರಕ್ಕೆ ಒಯ್ಯಲು 19,600 ಜೂಲ್ ಕೆಲಸ. ಸ್ನಾಯುವಿನ ದಕ್ಷತೆಯನ್ನು ಲೆಕ್ಕಹಾಕಿದರೆ ನಾಲ್ಕೂವರೆ ಲೀಟರಿನಷ್ಟು ಹೆಚ್ಚಿನ ಆಮ್ಲಜನಕ. ಸೋಮು ನಡುನಡುವೆ ನಿಂತರೆ ಗೆಳೆಯರೂ ನಿಲ್ಲಬೇಕು, ಅಷ್ಟೆ. ಬೇಸಗೆಯ ನಡುಹಗಲಿನಲ್ಲಿ ಮಾತ್ರ ಬೇಡ. ಕೊಬ್ಬು ಶಾಖವನ್ನು ಸುಲಭವಾಗಿ ಹಾಯಗೊಡದು. ದಪ್ಪ ಮೈಗೆ ತೂಕದ ಲೆಕ್ಕದಲ್ಲಿ ಬೆವರಿ ತಣಿಯುವ ಚರ್ಮವೂ ಕಡಮೆ. ಎದೆನೋವು, ತಲೆಸುತ್ತು, ಉಬ್ಬಸ ಇರುವವರು ವೈದ್ಯರಿಗೆ ತೋರಿಸಿಕೊಂಡೇ ಆರಂಭಿಸತಕ್ಕದ್ದು.

ಎಷ್ಟು ಹೊತ್ತು? ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿರುವಂತೆ 5ರಿಂದ 17 ವರ್ಷದವರಿಗೆ ವಾರದ ಸರಾಸರಿಯಲ್ಲಿ ದಿನಕ್ಕೆ 60 ನಿಮಿಷ; ವಾರದಲ್ಲಿ ಮೂರು ದಿನವಾದರೂ ಉಸಿರು ಬಿರುಸಾಗುವಂಥದ್ದು. ಒಂದೇ ಸಲಕ್ಕೆ ಆಗಬೇಕೆಂದಿಲ್ಲ.

ಇದರಿಂದ ತೂಕ ಇಳಿಯುವುದೆ? ಇಲ್ಲಿ ಬಹುಮಂದಿ ನಿರಾಶರಾಗುತ್ತಾರೆ. ಸೋಮು 600 ಮೀಟರ್ ಓಡಿದರೆ ವೆಚ್ಚವಾಗುವುದು ಸುಮಾರು 36 ಕಿಲೊಕ್ಯಾಲೊರಿ. ಕ್ಯಾತ್ಸಂದ್ರದ ಒಂದು ತಟ್ಟೆ ಇಡ್ಲಿಯನ್ನು ಕರಗಿಸಲೂ ಅದು ಸಾಲದು. ಮೈಯ ಒಂದು ಕಿಲೊಗ್ರಾಂ ಕೊಬ್ಬಿನಲ್ಲಿ 7,700 ಕಿಲೊಕ್ಯಾಲೊರಿಯಷ್ಟು ಶಕ್ತಿ ಅಡಗಿದೆ. ಎರಡು ತಿಂಗಳು ಬೆವರು ಸುರಿಸಿ ತಕ್ಕಡಿಯ ಮೇಲೆ ನಿಂತರೆ ಮುಳ್ಳು ಕದಲದೆ ಇರಬಹುದು; ಹುಡುಗ ಎಲ್ಲವನ್ನೂ ಬಿಟ್ಟುಬಿಡುತ್ತಾನೆ. ಆದರೆ ತಕ್ಕಡಿಗೆ ಕಾಣದ ಬದಲಾವಣೆ ಅಷ್ಟರಲ್ಲಿಯೇ ಆಗಿರುತ್ತದೆ. ಕ್ರಮವಾದ ಅಭ್ಯಾಸದಿಂದ ಎರಡು ಮೂರು ತಿಂಗಳಲ್ಲಿ ಮಕ್ಕಳ ಗರಿಷ್ಠ ಗ್ರಹಣ ನೂರಕ್ಕೆ 5ರಿಂದ 8ರಷ್ಟು ಹೆಚ್ಚುವುದು ಸಾಮಾನ್ಯ. ಹೃದಯ ಪ್ರತಿ ಬಡಿತಕ್ಕೂ ಹೆಚ್ಚು ರಕ್ತವನ್ನು ನೂಕತೊಡಗುವುದೇ ಇದಕ್ಕೆ ಮುಖ್ಯ ಕಾರಣ. ಸೋಮುವಿನ 2.18 ಲೀಟರ್ ನೂರಕ್ಕೆ 7ರಷ್ಟು ಹೆಚ್ಚಿ 2.33 ಆಯಿತೆನ್ನೋಣ. ತೂಕ 60ರಲ್ಲಿಯೇ ಇದ್ದರೂ 600 ಮೀಟರಿನ ಕಾಲ 3 ನಿಮಿಷ 40 ಸೆಕೆಂಡಿನಿಂದ 3 ನಿಮಿಷ 23 ಸೆಕೆಂಡಿಗೆ ಇಳಿಯುತ್ತದೆ. ದಾರ್ಢ್ಯ ಹೆಚ್ಚಿದ ಮಕ್ಕಳಲ್ಲಿ ಇನ್ಸುಲಿನ್ನಿನ ಕೆಲಸವೂ ಉತ್ತಮಗೊಳ್ಳುತ್ತದೆ, ತೂಕ ಇಳಿಯದಿದ್ದರೂ. ಇದಲ್ಲದೆ ಸೋಮು ಬೆಳೆಯುವ ವಯಸ್ಸಿನವನು. ತೂಕ ಇನ್ನೊಂದು ವರ್ಷ ಹೀಗೆಯೇ ನಿಂತು ಎತ್ತರ 150ರಿಂದ 157 ಸೆಂಟಿಮೀಟರಿಗೆ ಏರಿದರೆ ಅಷ್ಟೇ ಒಂದು ದೊಡ್ಡ ಗೆಲವು. ಊಟ ಬಿಡಿಸಿ ತೂಕ ಇಳಿಸುವ ಆತುರ ಈ ವಯಸ್ಸಿನಲ್ಲಿ ಸಲ್ಲದು.

ಹಾಗಾದರೆ ಶಾಲೆಯ ದಾಖಲೆಯಲ್ಲಿ ಸೋಮುವಿನ ಹೆಸರಿನ ಮುಂದೆ ಏನನ್ನು ಬರೆಯಬೇಕು? 3 ನಿಮಿಷ 40 ಸೆಕೆಂಡು ಎಂದೇ ಬರೆಯಲಿ. ಅದರ ಪಕ್ಕದಲ್ಲಿ ಇರಬೇಕಾದ ಅಂಕಿ ರಾಮುವಿನದಲ್ಲ. ಮೂರು ತಿಂಗಳ ಹಿಂದಿನ ಸೋಮುವಿನದೇ. ಮೈದಾನವಿಲ್ಲದೆ ಮನೆಯಲ್ಲಿಯೇ ಅಳೆಯಬೇಕೆನ್ನುವವರು ಹೀಗೆ ಮಾಡಬಹುದು. 30 ಸೆಂಟಿಮೀಟರ್ ಎತ್ತರದ, ಅಲ್ಲಾಡದ ಮೆಟ್ಟಿಲೊಂದನ್ನು ಆರಿಸಿಕೊಂಡು, ನಿಮಿಷಕ್ಕೆ 24 ಸಲದಂತೆ ಮೂರು ನಿಮಿಷ ಹತ್ತಿ ಇಳಿಯಬೇಕು. ಮುಗಿದೊಡನೆ ಕುಳಿತು, ಮಣಿಕಟ್ಟಿನಲ್ಲಿ ಬೆರಳಿಟ್ಟು ಒಂದು ನಿಮಿಷ ಪೂರ್ತಿ ನಾಡಿಯನ್ನು ಎಣಿಸಿ ತಾರೀಖಿನೊಡನೆ ಬರೆದಿಡಬೇಕು. ಈ ಪರೀಕ್ಷೆಯಲ್ಲಿಯೂ ಸೋಮು ಸೆಕೆಂಡಿಗೆ 71 ಜೂಲ್ ಕೆಲಸ ಮಾಡಿದರೆ ರಾಮು ಮಾಡುವುದು 47 ಮಾತ್ರ. ಆದ್ದರಿಂದ ಒಬ್ಬರ ಅಂಕಿಯನ್ನು ಇನ್ನೊಬ್ಬರದರೊಡನೆ ಹೋಲಿಸಬಾರದು. ಎರಡು ಅಳತೆಗಳ ನಡುವೆ ಎಂಟು ವಾರಗಳಾದರೂ ಕಳೆದಿರಬೇಕು. ಮೆಟ್ಟಿಲು ಅದೇ ಇರಬೇಕು, ಹೊತ್ತೂ ಅದೇ ಇದ್ದರೆ ಒಳ್ಳೆಯದು. ಜ್ವರ ನೆಗಡಿಗಳಿರುವ ದಿನ ಎಣಿಸಿದ ನಾಡಿಯನ್ನು ಲೆಕ್ಕಕ್ಕೆ ಹಿಡಿಯಬೇಕಾಗಿಲ್ಲ.